ಬಾಯಿ ಮಾವ

ಜೈಲಿನ ಆಸ್ಪತ್ರೆಯ ಕಾಂಪೌಂಡರಿಗೆ ಕೈದಿಗಳು ಇಟ್ಟ ಹೆಸರು ‘ಬಾಯಿ ಮಾವ’. ಮಾದಕ ಪುಡಿಯ ಚಟ ಬಿಡಿಸುವ ಮಾತ್ರೆಯನ್ನು ಬೆಳಿಗ್ಗೆ ಒಬ್ಬೊಬ್ಬರ ನಾಲಿಗೆಯಡಿ ಇಡಿಸಿ, ಅದು ಕರಗುವ ಹತ್ತು ನಿಮಿಷವೂ ಎಲ್ಲರನ್ನೂ ಬೆಂಚಿನ ಮೇಲೆ ಕೈಕಟ್ಟಿ ಕೂರಿಸಿ, ತಾವು ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಯಾರಾದರೂ ಕೆಮ್ಮಿದರೆ ಸಾಕು, ಆಮೇಲೆ ಮಾರಿಕೊಳ್ಳಲು ಮಾತ್ರೆಯನ್ನು ಅಂಗೈಗೆ ಉಗುಳಿಕೊಂಡನೇನೋ ಎಂದು ಅವರ ಜೀವ ಹೋಗಿ ಬರುತ್ತದೆ. ಆಮೇಲೆ ಟಾರ್ಚು ಹಿಡಿದು, “ಬಾಯಿ ತೆಗಿಯಪ್ಪಾ, ನಾಲಿಗೆ ಎತ್ತು, ಕೆನ್ನೆ ತೋರ್ಸು.” ಮನೆಯಲ್ಲಿ ಹೆಂಡತಿ ತಲೆನೋವಿನ ಗುಳಿಗೆ ನುಂಗಿದರೂ ಅವರ ಕಣ್ಣು ಅವಳ ಕೆನ್ನೆಯ ಮೇಲೆಯೇ. “ನಾನೇನು ನಿಮ್ಮ ಕೈದಿನಾ?” ಎಂದು ಅವಳು ರೇಗುತ್ತಾಳೆ. ಯಾರಿಗಾದರೂ ಬಿಡುಗಡೆಯೆಂದರೆ ಬ್ಯಾರಕ್ಕೆಲ್ಲ ನಗುತ್ತದೆ, ಮಾವ ಮಾತ್ರ ನಗುವುದಿಲ್ಲ. ಹೊರಗಿನ ಆಸ್ಪತ್ರೆಯ ವಿಳಾಸವನ್ನು ಅವನಿಂದ ಮಗ್ಗಿಯಂತೆ ಮೂರು ಸಲ ಒಪ್ಪಿಸಿಕೊಂಡು, “ನಾಳೆನೇ ಹೋಗಿ ಮಾತ್ರೆ ತಗೋ ಮಾರಾಯಾ. ಹಳೇ ಅಳತೇಲಿ ಪುಡಿ ಸೇದಿದ್ಯೋ, ಉಸಿರೇ ನಿಂತ್ಹೋಗುತ್ತೆ” ಎಂದು ಅಂಗಲಾಚುತ್ತಾರೆ. ಮರುದಿನದಿಂದ ಆ ಆಸ್ಪತ್ರೆಗೆ ಫೋನು. ದರ್ಜಿ ಕೆಲಸದ ಹುಡುಗಾಟದ ಕೈದಿ ಹೊರಗೆ ಹೋಗಿ ಇವತ್ತಿಗೆ ಮೂರು ದಿನ. “ನಮ್ಮ ದರ್ಜಿ ಬಂದ್ನಾ ಸಿಸ್ಟರ್?” “ಇಲ್ಲ ಸಾರ್, ಇವತ್ತೂ ಬಂದಿಲ್ಲ.” ಫೋನಿಟ್ಟು ಬೆಂಚಿನತ್ತ ತಿರುಗಿ, “ಬಾಯಿ ತೆಗಿ” ಎಂದರು. ಮೊದಲನೆಯವನು ತೆಗೆದ. ಟಾರ್ಚಿನ ಬೆಳಕು ನೆಲದ ಮೇಲೆಯೇ ನಿಂತಿತ್ತು. ಬಹಳ ಹೊತ್ತು ಬಾಯಿ ತೆರೆದೇ ಕುಳಿತ ಕೈದಿ ಕೊನೆಗೆ ಅವರ ಮಣಿಕಟ್ಟನ್ನು ಹಿಡಿದು, ಬೆಳಕನ್ನು ತಾನೇ ತನ್ನ ನಾಲಿಗೆಯಡಿಗೆ ತಿರುಗಿಸಿಕೊಂಡ.