ಮಾರ್ಗಿಟ್ ಹೆಣೆದ ಕೂದಲ ಉಂಗುರ

ಸ್ವೀಡನ್ನಿನ ನಮ್ಮ ವೋಮ್‌ಹುಸ್ ಹಳ್ಳಿಯ ಹೆಂಗಸರು ಆಗೆಲ್ಲ ಕೂದಲಿನಿಂದ ಒಡವೆ ಹೆಣೆದು ಬದುಕುತ್ತಿದ್ದರು. ಹಿಮ ಕರಗಿದೊಡನೆ ಹೆಣಿಗೆಯ ಪುಟ್ಟ ಮೇಜನ್ನು ಬೆನ್ನಿಗೆ ಕಟ್ಟಿಕೊಂಡು, ಒಣ ರೊಟ್ಟಿಯ ಗಂಟು ಹಿಡಿದು ಜರ್ಮನಿ, ರಷ್ಯ ಎಂದು ಹೊರಟುಬಿಡುವರು. ಸತ್ತವರದೋ ದೂರ ಹೋದವರದೋ ಕೂದಲು ತಂದುಕೊಟ್ಟವರಿಗೆ ಅದರಲ್ಲೇ ಬಳೆ, ಉಂಗುರ ಮಾಡಿಕೊಡುವರು.

ನನ್ನ ಅಜ್ಜಿ ಮಾರ್ಗಿಟ್ ಇನ್ನೂ ಹುಡುಗಿಯಾಗಿದ್ದಾಗ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಅವಳ ಎಡಗೈಯ ಎರಡು ಬೆರಳು ಹೋದವು.

"ಇನ್ನು ಹಸು ಕಾಯ್ಕೊಂಡಿರು ಕಣೇ," ಎಂದಳು ವರ್ಷವರ್ಷವೂ ಹೆಣಿಗೆಗೆ ಹೊರಡುತ್ತಿದ್ದ ಅವಳ ಚಿಕ್ಕಮ್ಮ ಬ್ರಿಟಾ.

"ನಮ್ಮನೇಲಿರೋದು ಒಂದೇ ಹಸು ಚಿಕ್ಕಮ್ಮ. ಅದನ್ನ ಕಾಯೋದೇನು, ಅದೇ ನನ್ನ ಮನೆಗೆ ಕರ್ಕೊಂಡ್ ಬರುತ್ತೆ."

ಆ ಚಳಿಗಾಲವೆಲ್ಲ ಮಾರ್ಗಿಟ್ ಕುದುರೆ ಬಾಲದ ಕೂದಲು ಹಿಡಿದು ಕೂತಳು. ಎಳೆಗಳ ತುದಿಗೆ ಸೀಸದ ಗುಂಡು ಕಟ್ಟಿ ಮೇಜಿನ ಸುತ್ತ ಇಳಿಬಿಟ್ಟು, ಇಲ್ಲದ ಬೆರಳುಗಳ ಕೆಲಸವನ್ನು ಅಂಗೈಗೆ ಕಲಿಸಿದಳು. ಎಳೆ ಹರಿಯುತ್ತಿತ್ತು, ಅಳುತ್ತಲೇ ಮತ್ತೆ ಕಟ್ಟುತ್ತಿದ್ದಳು. ವಸಂತಕ್ಕೆ ಮುಂಚೆ ಚಿಕ್ಕಮ್ಮನ ಮುಂದೆ ಒಂದು ಬಳೆ ಇಟ್ಟಳು. ಬ್ರಿಟಾ ಅದನ್ನು ಎಳೆದಳು, ಹಿಂಡಿದಳು, ಬೆಳಕಿಗೆ ಹಿಡಿದಳು.

"ನನ್ನ ಜೊತೆ ಹೊರಡು. ನಿನ್ನ ಮೇಜು ಮಾತ್ರ ನೀನೇ ಹೊರ್ಬೇಕು."

ಜರ್ಮನಿಯ ಲೂಬೆಕ್ ಪಟ್ಟಣದಲ್ಲಿ ವೀಬ್ಕೆ ಎಂಬ ವಿಧವೆ ಗಂಡನ ಕೂದಲು ತಂದಳು. ಹಿಂದೊಮ್ಮೆ ಯಾರದೋ ಅಂಗಡಿಗೆ ಅಪ್ಪನ ಕೂದಲು ಕೊಟ್ಟು ಮೋಸಹೋದವಳು; ಸರಪಳಿಯಾಗಿ ಬಂದದ್ದು ಬೇರೆ ಯಾರದ್ದೋ ಕೂದಲು.

"ಬಳೆ ಬೇಕು. ಆದ್ರೆ ಈ ಕೈಯಲ್ಲಾ? ಇವನದೇ ಕೂದಲು ಅಂತ ನಂಬೋದು ಹೇಗೆ?"

"ಇಲ್ಲೇ ಕೂತ್ಕೊಳ್ಳಿ ಅಮ್ಮ. ಮುಗಿಯೋ ತನಕ ನೋಡಿ," ಎಂದಳು ಮಾರ್ಗಿಟ್.

ಬಿಚ್ಚಿ ನೋಡಿದರೆ ಕೂದಲು ಬಳೆಗೆ ಸಾಲುವಷ್ಟು ಉದ್ದವಿರಲಿಲ್ಲ. ಬ್ರಿಟಾ ನಮ್ಮೂರ ಮಾತಿನಲ್ಲಿ ಪಿಸುಗುಟ್ಟಿದಳು: "ನಮ್ಮ ಪೆಟ್ಟಿಗೇಲಿ ಇದೇ ಬಣ್ಣದ್ದಿದೆ. ಒಳಗೆ ಹೋಗಿ ಸೇರಿಸ್ಕೊಂಡ್ ಬಾ."

ಮಾರ್ಗಿಟ್ ಅಲುಗಾಡಲಿಲ್ಲ. ವಿಧವೆಗೆ ಕೇಳುವಂತೆ ಜರ್ಮನ್‌ನಲ್ಲೇ ಹೇಳಿದಳು: "ಬಳೆಗೆ ಸಾಲಲ್ಲ ಅಮ್ಮ. ಬೇರೆಯವರ ಕೂದಲು ನಾನು ಸೇರಿಸಲ್ಲ. ಉಂಗುರ ಆಗುತ್ತೆ. ಬೇಕಾ?"

ವೀಬ್ಕೆಯ ಮುಖ ಸಣ್ಣದಾಯಿತು. ಎದ್ದವಳು ಬಾಗಿಲವರೆಗೆ ಹೋಗಿ, ನಿಂತು, ಮತ್ತೆ ಬಂದು ಕೂತಳು. "ಮಾಡು."

ಕಡ್ಡಿಯ ಸುತ್ತ ಹೆಣೆದು, ಕುದಿಸಿ, ಒಲೆಯ ಬಳಿ ಒಣಗಿಸಿ, ಒಳಗಿನ ಕಡ್ಡಿ ಎಳೆದು ತೆಗೆಯುವವರೆಗೂ ಅವಳು ಕದಲಲಿಲ್ಲ. ಉಂಗುರವನ್ನು ಬೆರಳಿಗೆ ಹಾಕಿ ತಿರುಗಿಸಿದಳು. "ಇಲ್ಲಿ ಬಿಳಿ ಎಳೆ ಇದೆ. ಕಿವಿ ಮೇಲೆ ನರೆತಿತ್ತು ಅವನಿಗೆ," ಎಂದು ಅತ್ತುಬಿಟ್ಟಳು. ಮರುದಿನ ತನ್ನ ತಂಗಿಯನ್ನೂ ಪಕ್ಕದ ಮನೆಯವಳನ್ನೂ ಕರೆತಂದಳು.

ಮುಂದಿನ ವರ್ಷ ಬ್ರಿಟಾ ಯಾರೂ ಕರೆಯದೆ ತಾನೇ ಮಾರ್ಗಿಟ್‌ಳ ಬಾಗಿಲಿಗೆ ಬಂದಳು: "ಈ ಸಲ ರಷ್ಯದ ಪೀಟರ್ಸ್‌ಬರ್ಗ್‌ಗೆ ಹೋಗೋಣ. ಅಲ್ಲಿಯವರು ಲೂಬೆಕ್‌ನವರಿಗಿಂತ ಅನುಮಾನದ ಜನ. ನೀನಿದ್ರೆ ಒಳ್ಳೇದು."