ಅಜ್ಜನ ಡ್ಯಾಮು, ಅಜ್ಜನ ಜ್ವರ

ಎಲ್ಲಾದರೂ ಏಡಿ ಸಾರು ಕುದಿಯುವ ವಾಸನೆ ಬಂದರೆ ಸಾಕು, ನನಗೆ ನಮ್ಮಜ್ಜ ನೆನಪಾಗುತ್ತಾನೆ. ಮೊನ್ನೆ ದಾಂಡೇಲಿಯಲ್ಲಿ ಖಾನಾವಳಿಯೊಂದರ ಮುಂದೆ ಹಾಯುವಾಗಲೂ ಹಾಗೇ ಆಯಿತು. ಕಾಲು ತಾನಾಗಿ ನಿಂತಿತು, ಕಣ್ಣು ತುಂಬಿ ಬಂತು. ಒಳಗಿನವನು ನನಗೆ ಹಸಿವೆಂದು ತಿಳಿದು, "ಬರ್ರಿ ಅಕ್ಕಾರ, ಬಿಸಿ ಬಿಸಿ ಐತಿ" ಎಂದು ಕರೆದ. ಅವನಿಗೆ ಏನೆಂದು ಹೇಳಲಿ? ನಮ್ಮಜ್ಜ ಮೂರು ಹೊತ್ತು ವಿಭೂತಿ ಹಚ್ಚುವವನು, ಯಾರಾದರೂ ಮೊಟ್ಟೆಯ ಮಾತೆತ್ತಿದರೂ ಎದ್ದು ಹೋಗಿ ಬಾಯಿ ಮುಕ್ಕಳಿಸುತ್ತಿದ್ದವನು. ಅಂಥವನನ್ನು ಏಡಿ ಸಾರಿನಲ್ಲಿ ನೆನೆಯುವ ಮೊಮ್ಮಗಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಅಜ್ಜ ಧಾರವಾಡದ ಕಡೆಯವನು. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಮೇಲೆ ಚಿಗಳ್ಳಿ ಹತ್ತಿರ ಗದ್ದೆ ಕೊಂಡು, ಅಲ್ಲೇ ಮನೆ ಕಟ್ಟಿದ. ಗದ್ದೆಯ ಮೇಲ್ಗಡೆ ಹರಿಯುವ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕಿಸಿ, ಅದಕ್ಕೆ ಡ್ಯಾಮು ಎಂದು ಹೆಸರಿಟ್ಟ. ನಾಲ್ಕು ಎಮ್ಮೆ ಇಳಿದರೆ ನೀರು ಕಾಣದಷ್ಟು ಡ್ಯಾಮು! ಆದರೂ ಬೀಗರು ಬಂದರೆ ಚಹಾಕ್ಕಿಂತ ಮೊದಲು ಡ್ಯಾಮಿನ ದರ್ಶನವಾಗಬೇಕು. ಅಜ್ಜಿ ಒಳಗಿನಿಂದಲೇ, "ಹೋಗಿ ನೋಡಿ ಬಂದ ಬಿಡ್ರಿ, ಇಲ್ಲಾಂದ್ರ ಇವತ್ತ ಯಾರಿಗೂ ಊಟ ಸಿಗೂದಿಲ್ಲ" ಎನ್ನುತ್ತಿದ್ದಳು. ನಗುತ್ತಿದ್ದೆವು ನಿಜ, ಆದರೆ ತೆನೆ ಬರುವ ಹೊತ್ತಿಗೆ ಮಳೆ ಕೈಕೊಟ್ಟರೆ ನಮ್ಮ ಭತ್ತಕ್ಕೂ, ಕೆಳಗಿನ ಗದ್ದೆಯ ಫಕೀರವ್ವನ ಭತ್ತಕ್ಕೂ ಆ ನೀರೊಂದೇ ಗತಿ. ಈಗ ಆ ಮನೆಯೂ ಇಲ್ಲ, ಅಲ್ಲಿ ಯಾರದೋ ಗೋವಿನಜೋಳ ಎದೆಯುದ್ದ ನಿಂತಿದೆ. ನಿಮಗೂ ಇಂಥದೊಂದು ಮನೆ ಇದ್ದಿದ್ದರೆ, ಅದರ ಜಾಗದಲ್ಲಿ ಬೇರೆಯವರ ಬೆಳೆ ನೋಡುವ ಸಂಕಟ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಡ್ಯಾಮಿಗೆ ಒಂದೇ ಶತ್ರು, ಏಡಿ. ಮಳೆಗಾಲದಲ್ಲಿ ಏಡಿಗಳು ಒಡ್ಡಿನೊಳಗೆ ಬಿಲ ತೋಡುತ್ತಿದ್ದವು. ಬಿಲ ಆಚೆ ಬದಿ ಮುಟ್ಟಿತೋ, ಒಡ್ಡಿನ ಕಥೆ ಮುಗಿದಂತೆ. ಕೊಲ್ಲಲು ಅಜ್ಜನ ಮನಸ್ಸು ಒಪ್ಪದು. ಹೀಗಾಗಿ ಇಕ್ಕಳದಲ್ಲಿ ಒಂದೊಂದನ್ನೇ ಹಿಡಿದು, ಬಕೆಟ್ಟಿನಲ್ಲಿ ಹಾಕಿಕೊಂಡು, ರಸ್ತೆ ದಾಟಿ ಹಳ್ಳದ ಕೆಳಗೆ ಬಿಟ್ಟು ಬರುತ್ತಿದ್ದ. "ಇನ್ನ ಇಲ್ಲೇ ಸುಖವಾಗಿ ಇರ್ರಿ" ಎಂದು ಬುದ್ಧಿವಾದ ಬೇರೆ. ಚಿಕ್ಕಮ್ಮ ಒಂದು ಏಡಿಯ ಬೆನ್ನಿಗೆ ಉಗುರಿನ ಬಣ್ಣ ಹಚ್ಚಿ ಕಳಿಸಿದಳು. ಮರುದಿನ ನೋಡಿದರೆ ಆ ಕೆಂಪು ಬೆನ್ನಿನ ಸುಂದರಿ ಒಡ್ಡಿನ ಮೇಲೆಯೇ ಬಿಸಿಲು ಕಾಯಿಸುತ್ತಿದ್ದಾಳೆ! ಅಜ್ಜ ಮತ್ತೆ ಇಕ್ಕಳ, ಬಕೆಟ್ಟು ಹಿಡಿದು ಹೊರಟ.

ಒಮ್ಮೆ ಗಣಪತಿ ಕಳಿಸಿದ ಮರುದಿನ ಒಡ್ಡಿನ ಬುಡದಿಂದ ನೀರು ಚಿಮ್ಮತೊಡಗಿತು. ಭತ್ತ ಆಗಷ್ಟೇ ಹಾಲು ತುಂಬುತ್ತಿತ್ತು. ಅಜ್ಜ ಧೋತರ ಸಮೇತ ನೀರಿಗೆ ಹಾರಿ, ತಡಕಾಡಿ ಬಿಲ ಹುಡುಕಿ, ಭುಜದ ತನಕ ಕೈ ತುರುಕಿದ. ನೀರು ಕಡಿಮೆಯಾಯಿತು, ಅಜ್ಜ ಮಾತ್ರ "ಅಯ್ಯಯ್ಯೋ" ಎಂದು ಚೀರಿದ. ಒಳಗಿದ್ದ ಏಡಿ ಅವನ ಹೆಬ್ಬೆರಳು ಕಚ್ಚಿತ್ತು.

"ಕೈ ತಗೀರಿ!" ಎಂದಳು ಅಜ್ಜಿ.

"ತಗದ್ರ ಡ್ಯಾಮ್ ಹೋಗ್ತೈತಿ!"

"ಹಂಗಾರ ಅದನ್ನ ಹಿಸುಕ್ರಿ!"

"ಅದು ಸಾಯ್ತೈತಿ!"

ನಾವೆಲ್ಲ ಹುಲ್ಲು, ಮಣ್ಣು ಹೊತ್ತು ತಂದು ಬಿಲ ಮುಚ್ಚುವ ತನಕ ಅಜ್ಜ ಹಾಗೇ ನಿಂತ. ಮೇಲೆ ಬಂದಾಗ ಬೆರಳು ಬದನೆಕಾಯಿಯಾಗಿತ್ತು. ದಂಡೆಯ ಮೇಲೆ ಫಕೀರವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆಯುತ್ತಿದ್ದಳು. ಅವರ ಮನೆಯಲ್ಲಿ ಏಡಿ ಎಂದರೆ ಹಬ್ಬ ಎಂಬುದು ಅಜ್ಜನಿಗೆ ಗೊತ್ತಿತ್ತು. ಅವನು ಆಕೆಯ ಮುಖ ನೋಡದೆ ಹೇಳಿದ, "ಫಕೀರವ್ವ, ಬರೂ ಐತವಾರ ನನಗ ಜ್ವರ ಬರೂದೈತಿ. ಮುಸುಕ ಹಾಕ್ಕೊಂಡ ಮಲಗಿರ್ತೇನಿ. ಹೊರಗ ಏನ ನಡೀತೈತಿ ನನಗ ಗೊತ್ತಾಗೂದಿಲ್ಲ."

ಅಲ್ಲಿಂದ ಮುಂದೆ ಪ್ರತಿ ವರ್ಷ ಗಣಪತಿ ಹೋದ ಮೇಲಿನ ಭಾನುವಾರ ಅಜ್ಜನಿಗೆ ಜ್ವರ. ಫಕೀರವ್ವನ ಮನೆಯವರು ಬಕೆಟ್ಟು, ಕೊಕ್ಕೆ ಹಿಡಿದು ಒಡ್ಡನ್ನು ಜಾಲಾಡುವಾಗ, ಅಜ್ಜ ಬೆವರು ಸುರಿಸುತ್ತ ಎರಡು ಕೌದಿ ಹೊದ್ದು ಮಲಗಿರುತ್ತಿದ್ದ. ಅಜ್ಜಿ ಊರಿಗೇ ಕೇಳುವಂತೆ ಶುಂಠಿ ಕುಟ್ಟುತ್ತಿದ್ದಳು. ಕೌದಿಯೊಳಗಿಂದ ಅಜ್ಜ ಮೆಲ್ಲಗೆ, "ದೊಡ್ಡೂವ ಸಿಕ್ಕಾವೇನ?" ಎಂದು ಕೇಳಿದರೆ, "ಜ್ವರ ಬಂದವ್ರಿಗೆ ಯಾಕ ಬೇಕ್ರೀ ಆ ಸುದ್ದಿ!" ಎಂದು ಗದರುತ್ತಿದ್ದಳು. ಸಂಜೆ ಫಕೀರವ್ವನ ಒಲೆಯಿಂದ ಗಾಳಿಯಲ್ಲಿ ವಾಸನೆ ತೇಲಿ ಬರುತ್ತಿತ್ತು. ಅಜ್ಜ ಎದ್ದು ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು, ಆ ವರ್ಷದ ಡ್ಯಾಮು ಉಳಿಯಿತೆಂದು ಹೊಟ್ಟೆ ತುಂಬ ಉಣ್ಣುತ್ತಿದ್ದ.

ಕೊನೆಯ ವರ್ಷದ ಜ್ವರ ಮಾತ್ರ ಸುಳ್ಳಾಗಿರಲಿಲ್ಲ. ಫಕೀರವ್ವನಿಗೆ ಅದು ಗೊತ್ತಿರಲಿಲ್ಲ. ಎಂದಿನಂತೆ ಮಂದಿ ಕಟ್ಟಿಕೊಂಡು ಬಂದಳು, ಎಂದಿನಂತೆ ಒಡ್ಡಿನ ಮೇಲೆ ಗದ್ದಲ, ನಗೆ. ಬಕೆಟ್ಟುಗಳು ತುಂಬುವ ಹೊತ್ತಿಗೆ ಮನೆಯೊಳಗಿನಿಂದ ಅಜ್ಜಿಯ ಅಳು ಕೇಳಿಸಿತು. ಫಕೀರವ್ವ ಓಡಿ ಬಂದಳು, ಅಜ್ಜನ ಕಾಲ ಬಳಿ ಕುಸಿದು ಕೂತಳು. ಆಮೇಲೆ ಎದ್ದು ಒಡ್ಡಿಗೆ ಮರಳಿ, ಬಕೆಟ್ಟುಗಳನ್ನೆಲ್ಲ ನೀರಿಗೆ ಬೋರಲು ಹಾಕಿದಳು. ಆಕೆಯ ಮಗ ತಡೆಯಲು ಹೋದರೆ, "ಇವತ್ತ ಒಂದೂ ಸಾಯಬಾರದು" ಎಂದಳು. ನನಗೆ ಅವತ್ತು ದುಃಖ ಒತ್ತರಿಸಿ ಬಂದದ್ದು ಅದನ್ನು ಕಂಡಾಗ.

ಆ ಏಡಿಗಳು ಅವತ್ತಿನ ಉಪಕಾರವನ್ನೇನೂ ನೆನಪಿಡಲಿಲ್ಲ. ಮುಂದಿನ ಮಳೆಗಾಲದಲ್ಲಿ ಒಂದು ಮಧ್ಯಾಹ್ನ, ನಾವು ಉಣ್ಣಲು ಕೂತಾಗ, ಒಡ್ಡು ನಡುವಿನಲ್ಲಿ ಬಾಯಿ ಬಿಟ್ಟಿತು. ನಮ್ಮ ಗದ್ದೆಯೂ ಫಕೀರವ್ವನ ಗದ್ದೆಯೂ ರಾಡಿಯಲ್ಲಿ ಮುಳುಗಿದವು. ಕಾರಣ ಎಲ್ಲರಿಗೂ ಗೊತ್ತಿತ್ತು. ಫಕೀರವ್ವ ಬಂದು ಅಜ್ಜಿಯ ಪಕ್ಕ ತಲೆ ತಗ್ಗಿಸಿ ನಿಂತಳು. ಅಜ್ಜಿ ಆಕೆಯ ಕೈ ಹಿಡಿದುಕೊಂಡು, ಹರಿದು ಹೋಗುವ ಕೆಂಪು ನೀರನ್ನು ಬಹಳ ಹೊತ್ತು ನೋಡಿ, ನಮ್ಮ ಕಡೆ ತಿರುಗಿದಳು.

"ನಿಮ್ಮಜ್ಜಗ ಯಾರೂ ಹೇಳಬ್ಯಾಡ್ರಿ" ಎಂದಳು.

ಇಲ್ಲ ಎಂದು ನಾವೆಲ್ಲ ತಲೆಯಾಡಿಸಿದೆವು.