ಬಾಲದಲ್ಲಿ ನಿಂತ ನೀರು

ಕೊರೊನಾ ಕಳೆದ ಮರುವರ್ಷದ ಮಾತು. ವಿಮಾನ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರ್ ಆಗಿ ದುಡಿದು, ನಿವೃತ್ತಳಾಗಿ ಕೊಪ್ಪಕ್ಕೆ ಬಂದು ನೆಲೆಸಿದ್ದೆ. ಇನ್‌ಸ್ಪೆಕ್ಟರ್ ಎಂದರೆ ವಿಮಾನ ಕಟ್ಟುವವರಲ್ಲ, ಕಟ್ಟಿದ್ದರಲ್ಲಿ ತಪ್ಪು ಹುಡುಕುವವರು. ಅದಕ್ಕೆ ಬೇಕಾದ ಸಿಡುಕು ನನಗೆ ಹುಟ್ಟಿನಿಂದಲೇ ಇತ್ತು. ಕಾರ್ಖಾನೆ ಅದನ್ನು ಸಂಬಳ ಕೊಟ್ಟು ಬೆಳೆಸಿತು. ಈಗ ಹೇಳಹೊರಟ ಪ್ರಸಂಗ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ನರಸಿಂಹರಾಜಪುರದ ಕಡೆಯ ಒಂದು ಪ್ರೌಢಶಾಲೆಗೆ ವಾಯುಪಡೆಯ ಹಳೆಯ ತರಬೇತಿ ವಿಮಾನವೊಂದು ಪ್ರದರ್ಶನಕ್ಕೆಂದು ಬಂತು. ತರಿಸಿದ್ದು ಶಾಲೆಯ ಹಳೆ ವಿದ್ಯಾರ್ಥಿಗಳ ಸಮಿತಿ. ಅದರ ಅಧ್ಯಕ್ಷರು ರಾಜಶೇಖರಪ್ಪ, ಬಾಳೆಹೊನ್ನೂರಿನಲ್ಲಿ ಅಂಗಡಿ ಇರುವವರು. ವಿಮಾನವನ್ನು ಕಂಬಗಳ ಮೇಲೆ ನಿಲ್ಲಿಸುವ ಕೆಲಸ ಭಂಡಿಗಡಿಯ ವೆಲ್ಡರ್ ಜಯಂತನದು. ಮೇಲ್ವಿಚಾರಣೆಗೆ ನನ್ನನ್ನು ಕರೆದರು. ಆ ಮಾದರಿಯ ಎಷ್ಟೋ ವಿಮಾನಗಳಿಗೆ ನಾನೇ ಸಹಿ ಹಾಕಿ ಹೊರಗೆ ಕಳಿಸಿದ್ದೆ. ಕರೆದ ದಿನವೇ ಬಸ್ಸು ಹತ್ತಿದೆ.

ಊರವರು ಅದನ್ನು ಯುದ್ಧವಿಮಾನ ಎಂದುಕೊಂಡಿದ್ದರು. ಅಲ್ಲ. ಯುದ್ಧವಿಮಾನ ಹಾರಿಸಬೇಕಾದವರು ಮೊತ್ತಮೊದಲು ಹತ್ತುವ ವಿಮಾನ ಅದು. ಅದಕ್ಕಿಂತ ಹಿಂದಿನ ತಲೆಮಾರಿನದರಲ್ಲಿ ಗುರು, ಶಿಷ್ಯ ಒಬ್ಬರ ಹಿಂದೆ ಒಬ್ಬರು ಕೂರುತ್ತಿದ್ದರು. ಮೂರನೆಯ ಗಾಲಿ ಬಾಲದಡಿ ಇರುತ್ತಿದ್ದುದರಿಂದ, ನೆಲದ ಮೇಲೆ ಓಡುವಾಗ ಮೂಗು ಮೇಲೆದ್ದು ಮುಂದಿನ ದಾರಿ ಕಾಣುತ್ತಿರಲಿಲ್ಲ. ಇದರಲ್ಲಿ ಆ ಗಾಲಿ ಮೂಗಿನಡಿಗೆ ಬಂತು. ಇಬ್ಬರೂ ಅಕ್ಕಪಕ್ಕ ಕೂತರು. ಶಿಷ್ಯನ ಕೈ ನಡುಗಿದರೆ ಗುರುವಿಗೆ ಕಾಣಬೇಕಲ್ಲ. ಹಾರುವಾಗ ಗಾಲಿ ಮಡಚುವ ವ್ಯವಸ್ಥೆಯನ್ನೇ ಇಡಲಿಲ್ಲ, ಹೊಸಬರು ಇಳಿಯುವಾಗ ಬಿಚ್ಚಲು ಮರೆತಾರೆಂದು. ರೆಕ್ಕೆಯಿಂದ ಬಾಲದವರೆಗಿನ ಒಡಲು ಹಗುರವಿರಬೇಕು, ಹಾಗಾಗಿ ತೆಳ್ಳನೆಯ ಅಲ್ಯೂಮಿನಿಯಂ ತಗಡು. ಒಳಗೆ ಸೇರಿದ ನೀರು ಹರಿದುಹೋಗಲು ತಳದಲ್ಲಿ ಬಟಾಣಿ ಗಾತ್ರದ ತೂತುಗಳು. ಅವಕ್ಕೆ ಡ್ರೈನ್ ಹೋಲ್ ಎನ್ನುತ್ತೇವೆ.

ವಿಮಾನ ಈಗಷ್ಟೇ ಮೇಲೇರುತ್ತಿರುವಂತೆ ಮೂಗೆತ್ತಿ ನಿಲ್ಲಬೇಕೆಂದು ರಾಜಶೇಖರಪ್ಪನವರು ಹಟ ಹಿಡಿದರು. ಒಪ್ಪಿದೆ. ರೆಕ್ಕೆಗಳಡಿ ಎರಡು ಕಂಬ, ಬಾಲದ ಹತ್ತಿರ ಒಂದು. ಮೂರು ದಿನ ನಾನೂ ಜಯಂತನೂ ಬಿಸಿಲಿನಲ್ಲಿ ನಿಂತು ಕೆಲಸ ಮುಗಿಸಿದೆವು. ಕೊನೆಯಲ್ಲಿ ಕಾರ್ಖಾನೆಯ ರೂಢಿಯಂತೆ ತಪಾಸಣಾ ಟಿಪ್ಪಣಿ ಬರೆದು ಸಹಿ ಹಾಕಿದೆ, ಇಂಗ್ಲಿಷಿನಲ್ಲಿ. ಡ್ರೈನ್ ಹೋಲ್‌ಗಳನ್ನು ಯಾವ ಕಾರಣಕ್ಕೂ ಮುಚ್ಚಕೂಡದು ಎಂಬುದು ಅದರ ನಾಲ್ಕನೆಯ ಅಂಶ. ಅಧ್ಯಕ್ಷರಿಗೊಂದು, ಮುಖ್ಯೋಪಾಧ್ಯಾಯರಿಗೊಂದು ಪ್ರತಿ ಕೊಟ್ಟು, ತಲುಪಿದ್ದಕ್ಕೆ ಸಹಿ ಪಡೆದು, ನನ್ನದನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಮಳೆ ಹಿಡಿಯುವ ಹೊತ್ತಿಗೆ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡೆ. ಎರಡು ತಿಂಗಳು ಮನೆ ಬಿಟ್ಟು ಹೊರಡಲಿಲ್ಲ.

ಸ್ವಾತಂತ್ರ್ಯೋತ್ಸವಕ್ಕೆ ಒಂದು ವಾರವಿದೆ ಎನ್ನುವಾಗ ಕೋಲೂರಿಕೊಂಡು ಹೋದೆ. ಮಳೆ ಬಿಡುವು ಕೊಟ್ಟಿತ್ತು. ಶಾಲೆಯ ಬ್ಯಾಂಡಿನ ಮಕ್ಕಳು ಅಭ್ಯಾಸ ಮುಗಿಸಿ ವಿಮಾನದ ಬಾಲದಡಿ ಸಾಲಾಗಿ ಕೂತಿದ್ದರು. ಹಿಂದಿನ ಕಂಬದ ಪಕ್ಕದ ತಗಡಿನಲ್ಲಿ ಓರೆಯಾಗಿ ಸುಕ್ಕುಗಳು ಎದ್ದಿದ್ದವು. ತಾಳಲಾರದ ಭಾರ ಬಿದ್ದಾಗಲೇ ತಗಡು ಹಾಗೆ ಸುಕ್ಕಾಗುವುದು. ಕೋಲಿನಿಂದ ತಟ್ಟಿದೆ. ತುಂಬಿದ ಕೊಡದಂತೆ ಮಂಕು ಸದ್ದು. ಕಂಬಕ್ಕೂ ಒಡಲಿಗೂ ನಡುವಿನ ಬ್ರಾಕೆಟ್ಟಿನಲ್ಲಿ ಕೂದಲೆಳೆಯಂಥ ಬಿರುಕು.

"ಎದ್ದೇಳಿ! ಎಲ್ಲ ಜಗಲಿಗೆ ಹೋಗಿ!" ಎಂದು ಅರಚಿದೆ. ಮಕ್ಕಳು ಡ್ರಮ್ಮು ಬಿಟ್ಟು ಓಡಿದರು.

ಶಾಮಿಯಾನದ ಕಂಬ ನೆಡುತ್ತಿದ್ದ ಜಯಂತನನ್ನು ಕರೆದು ತೂತುಗಳೆಲ್ಲಿ ಎಂದು ಕೇಳಿದೆ. ಅವನ ಮುಖ ಅರಳಿತು.

"ಅದಾ ಅಕ್ಕ? ಮಳೆ ಹಿಡಿಯೂಕೆ ಮುಂಚೆನೇ ಪುಟ್ಟಿ ಮೆತ್ತಿ ಬಿಗಿ ಮಾಡಿದ್ದೆ. ಮೇಲಿಂದ ಪೇಂಟು ಹೊಡ್ದೆ, ಗೊತ್ತೇ ಆಗಲ್ಲ ನೋಡಿ."

ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ತೂತು ಬಿಟ್ಟು ಹೋದವನನ್ನು ಯಾರೂ ಮತ್ತೆ ಕೆಲಸಕ್ಕೆ ಕರೆಯುವುದಿಲ್ಲ. ಜಯಂತ ಯಾರೂ ಹೇಳದೆ, ಪ್ರೀತಿಯಿಂದ ಆ ಕೆಲಸ ಮಾಡಿದ್ದ. ಆದರೆ ಪೈಲಟ್ ಕೂರುವ ಜಾಗದ ಗಾಜಿನ ಮುಚ್ಚಳದ ರಬ್ಬರು ಹಳತಾಗಿತ್ತು. ಅಲ್ಲಿಂದ ಇಳಿದ ಮಳೆ, ಮೂಗೆತ್ತಿ ನಿಂತ ವಿಮಾನದ ಬಾಲಕ್ಕೆ ಹರಿದು, ಹೊರಹೋಗಲು ದಾರಿಯಿಲ್ಲದೆ ಎರಡು ತಿಂಗಳು ತುಂಬುತ್ತಲೇ ಇತ್ತು. ಇದೆಲ್ಲ ಆ ಕ್ಷಣದಲ್ಲಿ ಹೊಳೆದರೂ ನನ್ನ ನಾಲಿಗೆ ನಿಲ್ಲಲಿಲ್ಲ. "ತಲೆ ಇದೆಯೇನೋ ನಿಂಗೆ? ಯಾರು ಹೇಳಿದ್ದು ನಿಂಗೆ ಮುಚ್ಚು ಅಂತ?" ಎಂದು ಮೇಷ್ಟ್ರು, ಮಕ್ಕಳ ಎದುರಿಗೇ ಬೈದೆ. ಅವನು ಉದ್ದನೆಯ ಸರಳು ತಂದ. ದೂರ ನಿಂತು ಅದರಿಂದ ಪುಟ್ಟಿ ತಿವಿದ. ಕಪ್ಪು ನೀರು ಧಾರೆ ಕಟ್ಟಿ ಸುರಿಯಿತು. ಒಂದು ಪೀರಿಯಡ್ ಮುಗಿದು ಗಂಟೆ ಹೊಡೆದರೂ ಅದು ನಿಲ್ಲಲಿಲ್ಲ.

ಅಷ್ಟರಲ್ಲಿ ರಾಜಶೇಖರಪ್ಪನವರು ಬಂದರು. "ನೀರು ಹೋಯ್ತಲ್ಲ ಮಾರಾಯ್ರೆ, ಇನ್ನೆಂತ?"

ಬ್ರಾಕೆಟ್ ಬಿರಿದಿದೆ, ಕ್ರೇನ್ ತರಿಸಿ ಇಳಿಸಬೇಕು, ಅಲ್ಲಿಯವರೆಗೆ ಅಡಿಯಲ್ಲಿ ಒಬ್ಬರೂ ಸುಳಿಯಬಾರದು ಎಂದೆ.

"ಆಮಂತ್ರಣ ಹಂಚಿ ಆಗಿದೆ. ಮಕ್ಕಳು ವಿಮಾನದ ಅಡಿ ಕೂತೇ ಫೋಟೋ ಆಗ್ಬೇಕು. ಒಂದು ಗಂಟೆ ಮಟ್ಟಿಗೆ ಎಂತ ಆಗ್ತದೆ?"

ಕಾರ್ಖಾನೆಯಲ್ಲಾಗಿದ್ದರೆ ವಿಮಾನಕ್ಕೆ ಕೆಂಪು ಚೀಟಿ ಕಟ್ಟುತ್ತಿದ್ದೆ. ಅದನ್ನು ಕಟ್ಟಿದ ಮೇಲೆ ಜನರಲ್ ಮ್ಯಾನೇಜರ್ ಬಂದರೂ ವಿಮಾನ ಅಲುಗಿಸುವಂತಿಲ್ಲ. ಇಲ್ಲಿ ನಾನೊಬ್ಬ ಕುಂಟುವ ಪಿಂಚಣಿದಾರಳು. ಶಾಮಿಯಾನದ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು, ಕೋಲಿನಿಂದ ಬಾಲದಡಿಗೆ ನೂಕಿದೆ.

"ಕೂತ್ಕೊಳ್ಳಿ."

"ಎಂತಕ್ಕೆ?"

"ಮಕ್ಕಳು ಒಂದು ಗಂಟೆ ಕೂರೋ ಜಾಗ ಅಲ್ವಾ? ನೀವು ಐದು ನಿಮಿಷ ಕೂತ್ಕೊಳ್ಳಿ."

ಅವರು ಕುರ್ಚಿ ನೋಡಿದರು, ಕತ್ತೆತ್ತಿ ಇನ್ನೂ ತೊಟ್ಟಿಕ್ಕುತ್ತಿದ್ದ ಬಾಲ ನೋಡಿದರು. ಕೂರಲಿಲ್ಲ. ಮುಖ್ಯೋಪಾಧ್ಯಾಯರತ್ತ ತಿರುಗಿ, "ಕಾರ್ಯಕ್ರಮ ಜಗಲಿ ಮೇಲೇ ಮಾಡುವ" ಎಂದರು.

ನನ್ನ ಟಿಪ್ಪಣಿ ಎಲ್ಲಿ ಎಂದು ಕೇಳಿದೆ. ಮುಖ್ಯೋಪಾಧ್ಯಾಯರು ಫೈಲು ತರಿಸಿದರು. ಪ್ಲಾಸ್ಟಿಕ್ ಕವರಿನೊಳಗೆ ಒಂದು ಮಡಿಕೆಯೂ ಬೀಳದ ಕಾಗದ. "ಭದ್ರವಾಗಿಟ್ಟಿದೀನಿ ನೋಡಿ" ಎಂದರು. ಅವರಾಗಲಿ ಅಧ್ಯಕ್ಷರಾಗಲಿ ಅದನ್ನು ಒಮ್ಮೆಯೂ ಓದಿರಲಿಲ್ಲ.

ಎರಡು ದಿನಕ್ಕೆ ಶಿವಮೊಗ್ಗದಿಂದ ಕ್ರೇನ್ ಬಂತು. ವಿಮಾನವನ್ನು ಎರಡು ಇಂಚು ಎತ್ತುವಷ್ಟರಲ್ಲಿ ಬ್ರಾಕೆಟ್ ತುಂಡಾಗಿ ಕೆಳಗೆ ಬಿತ್ತು. ಸ್ವಾತಂತ್ರ್ಯೋತ್ಸವದ ಭಾಷಣದಲ್ಲಿ ಅಧ್ಯಕ್ಷರು ನನ್ನ ಮುಂದಾಲೋಚನೆಯನ್ನು ಹೊಗಳಿ ಶಾಲು ಹೊದಿಸಿದರು. ಆ ಶಾಲು ಮೈ ಸುಡುತ್ತಿತ್ತು. ಏಕೆಂದರೆ ಫೈಲು ನೋಡಿದಾಗಿನಿಂದ ನನ್ನ ಸಿಟ್ಟಿನ ದಿಕ್ಕು ಬದಲಾಗಿತ್ತು. ಮೂರು ದಿನ ಜಯಂತನ ಪಕ್ಕದಲ್ಲಿ ನಿಂತಿದ್ದೆ. ಬೋಲ್ಟಿನ ಬಗ್ಗೆ ಹೇಳಿದೆ, ಬಣ್ಣದ ಬಗ್ಗೆ ಹೇಳಿದೆ, ನನ್ನ ಕಾರ್ಖಾನೆಯ ಜಂಬ ಕೊಚ್ಚಿದೆ. ತೂತಿನ ವಿಷಯ ಮಾತ್ರ, ಓದದವರಿಗೆ ಬರೆದುಕೊಟ್ಟು ಬಂದೆ.

ಮರುದಿನ ಭಂಡಿಗಡಿಗೆ ಹೋದೆ. ಜಯಂತ ತನ್ನ ಶೆಡ್ಡಿನಲ್ಲಿ ಗೇಟೊಂದಕ್ಕೆ ಗ್ರೈಂಡಿಂಗ್ ಹಿಡಿದಿದ್ದ. ತಪ್ಪು ನನ್ನದು, ಎಲ್ಲರ ಮುಂದೆ ಬೈಯಬಾರದಿತ್ತು ಎಂದೆ. ಅವನು ಮಷಿನ್ ಆಫ್ ಮಾಡಿದ.

"ಬೈದದ್ದಕ್ಕೆ ಎಂತ ಬೇಜಾರಿಲ್ಲ ಅಕ್ಕ. ಒಂದು ಮಾತು ಹೇಳ್ಬಹುದಿತ್ತು ಅಲ್ದಾ? ಆ ಬ್ಯಾಂಡಲ್ಲಿ ನನ್ನ ಮಗಳೂ ಇದ್ಲು."

ಮೂವತ್ತೊಂದು ವರ್ಷದ ನೌಕರಿ ಕಲಿಸದ್ದನ್ನು ನಿವೃತ್ತಿಯ ನಂತರದ ಈ ಒಂದು ಕೆಲಸ ಕಲಿಸಿತು. ಸಹಿಯಾದ ಕಾಗದ ಕಾಪಾಡುವುದು ಸಹಿ ಹಾಕಿದವರನ್ನು, ವಿಮಾನದ ಅಡಿ ಕೂತವರನ್ನಲ್ಲ.